ಮನೆಯ ಅಳತೆಗೆ ಮಗುವಿನ ರಕ್ತ

ಸಂಶೋಧನೆಯ ನೀತಿ-ಅನೀತಿಗಳ ಬಗ್ಗೆ ಓದುವಾಗಲೆಲ್ಲ ನಾನು ಬಂದು ನಿಲ್ಲುವುದು ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಪ್ರಕರಣದ ಮುಂದೆ.

ಅಲ್ಲಿನ ಹಳೆಯ ಬಾಡಿಗೆ ಮನೆಗಳ ಗೋಡೆ, ಕಿಟಕಿಗಳಿಗೆ ಸೀಸದ ಬಣ್ಣ ಬಳಿದಿತ್ತು. ಮನೆಗಳಿಗೆ ಆ ಬಣ್ಣ ಬಳಿಯುವುದು ದೇಶದಾದ್ಯಂತ ನಿಷೇಧವಾದದ್ದು 1978ರಲ್ಲಿ. ಅಷ್ಟರೊಳಗೆ ಬಳಿದದ್ದು ಎಲ್ಲಿಗೂ ಹೋಗಲಿಲ್ಲ. ಕಿಟಕಿ ತೆರೆದು ಮುಚ್ಚುವಾಗ ಅದು ಪುಡಿಯಾಗಿ ಉದುರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗಂಟಿ ಬಾಯಿಗೆ ಸೇರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಮಿದುಳಿಗಾದ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ.

ಬಣ್ಣವನ್ನು ಪೂರ್ತಿ ತೆಗೆಸುವುದು ದುಬಾರಿ. ಕಡಿಮೆ ಖರ್ಚಿನ ದುರಸ್ತಿ ಸಾಕಾದೀತೇ ಎಂದು ನೋಡಲು 1990ರ ದಶಕದಲ್ಲಿ ಕೆನಡಿ ಕ್ರೀಗರ್ ಸಂಸ್ಥೆ ಅಧ್ಯಯನ ಕೈಗೊಂಡಿತು. ಮನೆಗಳಿಗೆ ಬೇರೆ ಬೇರೆ ಮಟ್ಟದ ದುರಸ್ತಿ, ಒಳಗೆ ಚಿಕ್ಕ ಮಕ್ಕಳಿರುವ ಸಂಸಾರಗಳು, ಆಗಾಗ ಧೂಳಿನ ಮತ್ತು ಮಕ್ಕಳ ರಕ್ತದ ಪರೀಕ್ಷೆ. ಇಬ್ಬರು ಮಕ್ಕಳ ಪರವಾಗಿ ದಾವೆ ಹೂಡಲಾಯಿತು. 2001ರಲ್ಲಿ ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯ ಈ ಅಧ್ಯಯನವನ್ನು ಟಸ್ಕೀಗಿಯ ಸಿಫಿಲಿಸ್ ಪ್ರಯೋಗಕ್ಕೆ ಹೋಲಿಸಿತು.

ಆ ಹೋಲಿಕೆ ಅತಿಯಾಯಿತು ಅನ್ನಿಸುತ್ತದೆ. ಟಸ್ಕೀಗಿಯಲ್ಲಿ ಇದ್ದ ಔಷಧವನ್ನೇ ಕೊಡದೆ ತಡೆದರು, ಇಲ್ಲಿ ದುರಸ್ತಿಯಾದರೂ ನಡೆಯಿತು. ಅಧ್ಯಯನವಿಲ್ಲದಿದ್ದರೆ ಆ ಮಕ್ಕಳು ಇನ್ನೂ ಕೆಟ್ಟ ಮನೆಗಳಲ್ಲಿರುತ್ತಿದ್ದರು ಎಂಬ ಸಮರ್ಥನೆಯನ್ನೂ ತಳ್ಳಿಹಾಕಲಾರೆ. ಆದರೆ ಈ ವಾದ ಬಡತನವನ್ನು ಮಳೆ ಬಿಸಿಲಿನಂತೆ ಇದ್ದದ್ದೇ ಎಂದು ಒಪ್ಪಿಕೊಂಡು ಶುರುವಾಗುತ್ತದೆ. ಸ್ಥಿತಿವಂತರ ಮಗುವಿಗೆ ಅರ್ಧ ದುರಸ್ತಿ ಸಾಕೇ ಎಂದು ಯಾರು ಕೇಳುತ್ತಾರೆ?

ಇನ್ನೂ ತೊಡಕಿನ ಸಂಗತಿಯೊಂದಿದೆ. ಆಸ್ಪತ್ರೆಯಲ್ಲಿ ತೆಗೆದ ಮಗುವಿನ ರಕ್ತ ಮಗುವಿನ ಬಗ್ಗೆ ಹೇಳುತ್ತದೆ. ಇಲ್ಲಿ ಅದು ಮನೆಯ ಬಗ್ಗೆ ಹೇಳಬೇಕಿತ್ತು. ಧೂಳನ್ನು ಒರೆಸಿ ಅಳೆಯಬಹುದು, ನಿಜ. ಆ ಧೂಳು ಮಗುವಿಗೇನು ಮಾಡುತ್ತದೆಂದು ತಿಳಿಯಲು ಮಗುವೇ ಬೇಕು. ಅಂದರೆ ದುರಸ್ತಿ ಸಾಲದೆಂದು ಗೊತ್ತಾಗುವುದು ಸೀಸ ಮೈಗೆ ಸೇರಿದ ಮೇಲೆ. (ರಕ್ತದಿಂದ ಇಳಿದ ಸೀಸವೂ ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆ.)

ಇಂಥ ಅಧ್ಯಯನ ಬೇಕಿತ್ತು ಎನ್ನುವವರ ಕಡೆಗೆ ನಾನೂ ಅರ್ಧ ವಾಲುತ್ತೇನೆ. ಬೇಕಿದ್ದರೆ, ಇದನ್ನೆಲ್ಲ ತಾಯಿಗೆ ಹೇಳಬೇಕಿತ್ತು. ಮಗುವಿನ ರಕ್ತದಲ್ಲಿ ಸೀಸ ಸೇರಬಹುದೆಂದಾಗಲಿ, ಅಧ್ಯಯನಕ್ಕಾಗಿ ಮಗು ಅದೇ ಮನೆಯಲ್ಲಿ ಉಳಿಯಬೇಕೆಂದಾಗಲಿ ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಇರಲಿಲ್ಲ ಎಂದು ನ್ಯಾಯಾಲಯ ದಾಖಲಿಸಿದೆ. ಒಂದು ಮನೆಯ ಧೂಳಿನ ಫಲಿತಾಂಶ ತಾಯಿಯ ಕೈಸೇರಲು ಒಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಗುವಿನ ರಕ್ತದಲ್ಲಿ ಸೀಸ ಏರಿತ್ತು.