ಶಾಲೆಯ ಅಂಗಳದ ಹೊಂಗೆಮರ

ಜೂನ್ 5ರ ಪರಿಸರ ದಿನ ಬಂತೆಂದರೆ ಶಾಲೆಗಳಲ್ಲಿ ಗುಂಡಿ ತೋಡುವ ಗಡಿಬಿಡಿ. ಬೇಸಿಗೆ ರಜೆ ಆಗಷ್ಟೇ ಮುಗಿದಿರುತ್ತದೆ. ಜಾಥಾ, ಘೋಷಣೆ, ಅತಿಥಿಗಳ ಕೈಯಿಂದ ಸಸಿ, ಒಂದು ಫೋಟೊ. ಸಸಿ ನೆಡುವುದು ಒಳ್ಳೆಯದೇ. ಆದರೆ ಅದಕ್ಕೆ ಬೇಲಿ ಕಟ್ಟುವವರು ಯಾರು, ದಸರಾ ರಜೆಯಲ್ಲಿ ನೀರು ಹಾಕುವವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಇನ್ನೂ ಬೇಸರದ ಮಾತೆಂದರೆ, ಅದೇ ಅಂಗಳದಲ್ಲಿ ಎಷ್ಟೋ ವರ್ಷಗಳಿಂದ ನೆರಳು ಕೊಡುತ್ತಿರುವ ಹೊಂಗೆಮರವನ್ನು ಅಂದು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಆಮೇಲೆ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಬಂದವು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ, ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವೂ ಇದೆ; ಬಡವರ ಮನೆಯ ಮಗುವೊಂದು ಕಾಡಿನೊಳಗೆ ಹೆಜ್ಜೆಯಿಡುವುದು ಸಣ್ಣ ಸಂಗತಿಯಲ್ಲ. ಆದರೂ ಏಳೆಂಟು ವರ್ಷದ ಮಗುವಿಗೆ, ಒಮ್ಮೆ ದೂರದಿಂದ ಕಂಡ ಆನೆಗಿಂತ ದಿನವೂ ಕೈಗೆಟಕುವ ಮರ ಹೆಚ್ಚು ಕಲಿಸುತ್ತದೆ ಎಂದೇ ನನ್ನ ನಂಬಿಕೆ.

ಇದಕ್ಕೊಂದು ಒಳ್ಳೆಯ ದಾರಿ ಈಗಾಗಲೇ ಇದೆ. ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ‘ಸೀಸನ್‌ವಾಚ್’ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಅದೇ ಮರದ ಬುಡಕ್ಕೆ ಹೋಗಿ ಚಿಗುರು, ಮೊಗ್ಗು, ಹೂವು, ಕಾಯಿ, ಹಣ್ಣು ಎಷ್ಟಿವೆ ಎಂದು ಬರೆದಿಡುತ್ತಾರೆ. ಇಲ್ಲ, ಸ್ವಲ್ಪ, ತುಂಬ ಎಂಬ ಮೂರು ಅಳತೆ ಸಾಕು. ಕೇರಳದ ಶಾಲಾ ಮಕ್ಕಳು ಹೀಗೆ ವರ್ಷಗಟ್ಟಲೆ ಮಾವು, ಹಲಸು, ಕಕ್ಕೆಮರಗಳ ಲೆಕ್ಕ ಇಟ್ಟಿದ್ದಾರೆ. ಮರಗಳು ಕಾಲ ತಪ್ಪಿ ಹೂಬಿಡುತ್ತಿವೆಯೇ ಎಂದು ತಿಳಿಯಲು ವಿಜ್ಞಾನಿಗಳಿಗೂ ಇಂಥ ಲೆಕ್ಕವೇ ಬೇಕು. ಮಗುವಿನ ಬರಹಕ್ಕೆ ಅಲ್ಲಿ ನಿಜವಾದ ಬೆಲೆಯಿದೆ; ಅದು ಮಗುವಿಗೂ ಗೊತ್ತಾಗುತ್ತದೆ.

ಹೊಂಗೆಯನ್ನೇ ತೆಗೆದುಕೊಳ್ಳಿ. ಚಳಿ ಕಳೆಯುತ್ತಿದ್ದಂತೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದ ಹಾಗೆ ಮಿನುಗುವ ಎಳೆಹಸಿರು ತೊಟ್ಟುಕೊಳ್ಳುತ್ತದೆ. ಹಿಂದೆಯೇ ತಿಳಿನೇರಳೆ ಛಾಯೆಯ ಬಿಳಿ ಹೂವು, ಜೇನ್ನೊಣಗಳ ಗುಂಯ್‌ಗುಡುವಿಕೆ. ಎಲೆಯೊಂದನ್ನು ಹತ್ತಿರ ಹಿಡಿದು ನೋಡಿದರೆ ಮೇಲೆ ಎದ್ದುನಿಂತ ಹಸಿರು ಗಂಟುಗಳು ಕಾಣುತ್ತವೆ. ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳ ಕೆಲಸ. ಅವುಗಳ ಚೇಷ್ಟೆಗೆ ಎಲೆಯೇ ಗಂಟುಕಟ್ಟಿ ಅವುಗಳಿಗೆ ಮನೆ ಒದಗಿಸುತ್ತದೆ. ಹೂವು ಕಾಯಾಗಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಒಡೆದರೆ ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಇಷ್ಟನ್ನು ಕಣ್ಣಾರೆ ಕಂಡ ಹುಡುಗಿಗೆ, ಕಾಂಪೌಂಡ್ ಕಟ್ಟಲು ಆ ಮರ ಕಡಿಯುತ್ತೇವೆಂದು ಹಿರಿಯರು ಹೇಳಿದಾಗ, ಯಾಕೆ ಎಂದು ಕೇಳುವ ಬಾಯಿ ಬರುತ್ತದೆ. ಸಂರಕ್ಷಣೆ ಎಂಬ ಪದ ಅವಳಿಗೆ ಆಗ ತಿಳಿದಿರಬೇಕೆಂದೇನೂ ಇಲ್ಲ.

ಒಂದು ತೊಡಕಿದೆ. ಹೊಂಗೆ ಚಿಗುರುವಾಗ ಮಕ್ಕಳಿಗೆ ಪರೀಕ್ಷೆ, ಹೂಬಿಡುವಾಗ ರಜೆ. ಬೇವು, ಮಾವುಗಳ ಒಳ್ಳೆಯ ದಿನಗಳಲ್ಲೂ ಕೆಲವು ಶಾಲೆಗೆ ಬೀಗ ಬಿದ್ದಾಗಲೇ ಕಳೆದುಹೋಗುತ್ತವೆ. ಹಾಗಾಗಿ ರಜೆಯ ಮನೆಕೆಲಸದಲ್ಲಿ ಕಾಪಿ ಬರೆಸುವ ಹಾಳೆಗಳನ್ನು ನಾಲ್ಕು ಕಡಿಮೆ ಮಾಡಿ, ಮನೆ ಹತ್ತಿರದ ಮರವೊಂದನ್ನು ಮಗುವಿಗೆ ಒಪ್ಪಿಸಿದರೆ ಚೆನ್ನ.

ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೆ. ಇದಕ್ಕೆ ಅನುದಾನ ಬೇಡ, ಬಸ್ಸು ಬೇಡ, ಆದೇಶವೂ ಬೇಡ. ಈ ಶನಿವಾರ ಕೊನೆಯ ಪೀರಿಯಡ್ಡಿಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರೂ ಒಂದೊಂದು ಮರ ಆರಿಸಿಕೊಳ್ಳಲಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು ಹಾಕಲಿ, ಕಂಡದ್ದನ್ನು ಬರೆಯಲಿ. ಮುಂದಿನ ಶನಿವಾರ ಅದೇ ಮರದ ಬಳಿಗೆ ಮತ್ತೆ ಕರೆದುಕೊಂಡು ಹೋಗಿ.