ಯೋಗಕ್ಷೇಮದ ಹೊಣೆ

ನಿವೃತ್ತಿಗೆ ಇನ್ನೆರಡೇ ವರ್ಷ ಉಳಿದಿದ್ದ ನಮ್ಮ ಭಾವನವರು ಒಂದು ಸಂಜೆ ಆರೋಗ್ಯವಿಮೆಯ ಅರ್ಜಿಯನ್ನು ತೊಡೆಯ ಮೇಲಿರಿಸಿಕೊಂಡು, "ಭಗವಂತನನ್ನು ನಂಬಿದವನು ಬಾರದ ರೋಗಕ್ಕೆ ಮುಂಗಡವಾಗಿ ಹಣ ಕಟ್ಟುವುದು ಅಪನಂಬಿಕೆಯಲ್ಲವೇನಪ್ಪ?" ಎಂದು ಕೇಳಿದರು. ನಿತ್ಯವೂ ಪೂಜೆಗೆ ಕುಳಿತುಕೊಳ್ಳುವವರ ಬಾಯಿಂದ ಬಂದ ಆ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸಲಾರೆ.

ಅನನ್ಯಭಕ್ತರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಅಭಯವಿತ್ತಿರುವನಷ್ಟೆ. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮವು ತನ್ನ ಲಾಂಛನಕ್ಕೆ ಆಯ್ದುಕೊಂಡುದೂ ಆ ಮಾತನ್ನೇ. ಇಲ್ಲದುದು ದೊರೆಯುವುದು ಯೋಗ, ದೊರೆತುದು ಉಳಿಯುವುದು ಕ್ಷೇಮ ಎಂಬುದು ಆಚಾರ್ಯ ಶಂಕರರ ವಿವರಣೆ. ಅರವತ್ತರ ಹೊಸ್ತಿಲಿನಲ್ಲಿ ನಿಂತ ದಂಪತಿಗಳಿಗೆ ಯೋಗದ ಕಾಲ ಬಹುಮಟ್ಟಿಗೆ ಮುಗಿದು, ಕ್ಷೇಮದ ಚಿಂತೆಯೊಂದೇ ಉಳಿದಿರುತ್ತದೆ. ನಾನು ಕಟ್ಟಿದ ಕಂತು ನಾನು ಎಂದೂ ಕಾಣದ ಯಾರದೋ ಹೃದಯದ ಶಸ್ತ್ರಚಿಕಿತ್ಸೆಗೆ ಸಂದು, ಅವರ ಮನೆಯ ಒಡವೆಗಳು ಅಡವಿಗೆ ಹೋಗದಂತೆ ತಡೆದಿದ್ದರೆ, ಆಸ್ಪತ್ರೆಯ ಮುಖ ನೋಡದೆ ಕಳೆದ ವರ್ಷದ ಆ ಹಣವು ದಂಡವಾಯಿತೆಂದು ಹೇಗೆ ಹೇಳಲಿ? ಅದು ದಾನದ ಹೆಸರಿಲ್ಲದ ದಾನವೆಂದೇ ನನ್ನ ನಂಬಿಕೆ.

ಆದರೆ ಶ್ರದ್ಧೆಗೆ ವಿವೇಕವೂ ಕೂಡಿರಬೇಕು. ಕಚೇರಿಯ ಸಾಮೂಹಿಕ ವಿಮೆಯು ಸಾಮಾನ್ಯವಾಗಿ ನೌಕರಿಯೊಡನೆಯೇ ಮುಗಿಯುತ್ತದೆ. ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಆದಾಯವನ್ನೆಣಿಸದೆ ಹಿರಿಯರೆಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಗಳ ವಾರ್ಷಿಕ ರಕ್ಷಣೆಯಾದರೋ 70 ತುಂಬಿದ ಮೇಲಿನದು. ನಡುವಣ ಹತ್ತು ವರ್ಷಗಳನ್ನು ಸ್ವಂತ ವಿಮೆಯೇ ದಾಟಿಸಬೇಕು. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೆ ಕಾಯಿಸಲು ನಿಯಮವು ಅವಕಾಶವೀಯುವುದರಿಂದ, ನಿವೃತ್ತಿಯ ದಿನದವರೆಗೆ ತಡೆಯುವುದು ಸಲ್ಲದು. ಇಬ್ಬರಿಗೂ ಕೂಡಿ ಒಂದೇ ಮೊತ್ತದ ಫ್ಲೋಟರ್ ಪಾಲಿಸಿ ಅಗ್ಗವೆನಿಸಬಹುದು. ಆದರೆ ಪತಿಯ ಒಂದು ದೀರ್ಘ ವ್ಯಾಧಿಯು ಅಷ್ಟನ್ನೂ ನುಂಗಿದರೆ, ಜೀವಮಾನವೆಲ್ಲ ಜತೆಗೆ ನಡೆದ ಸಹಧರ್ಮಿಣಿಯ ಪಾಲಿಗೆ ಆ ವರ್ಷ ಬರಿಗೈ. ಅನುಕೂಲವಿದ್ದವರು ಇಬ್ಬರಿಗೂ ಪ್ರತ್ಯೇಕವಾಗಿ ಮಾಡಿಸುವುದೇ ಧರ್ಮವೆಂದು ನಾನು ಭಾವನವರಿಗೆ ಹೇಳಿದೆ.

ಅಕ್ಕನ ಅರ್ಜಿಯಲ್ಲಿ ರಕ್ತದೊತ್ತಡದ ಕಾಲಮು ಖಾಲಿಯಾಗಿತ್ತು. "ದಿನಕ್ಕೆ ಅರ್ಧ ಮಾತ್ರೆ ತಾನೆ, ಬರೆದರೆ ಪ್ರೀಮಿಯಂ ಏರುತ್ತದೆ ಅಂತ ಏಜೆಂಟರು ಬೇಡ ಎಂದರು" ಎಂದಳು. ಮುಚ್ಚಿಟ್ಟ ಕಾಯಿಲೆಯಿಂದ ನಾಳೆ ಕ್ಲೇಮು ತಿರಸ್ಕೃತವಾದೀತೆಂಬ ಭಯವನ್ನು ನಾನು ಹೇಳುವುದಕ್ಕೆ ಮೊದಲೇ ಭಾವನವರು, "ಹತ್ತು ಜನರ ಹಣ ಕೂಡಿಟ್ಟ ಜಾಗದಲ್ಲಿ ಸುಳ್ಳಿಗೆ ರುಜು ಹಾಕಿ, ಬೆಳಗ್ಗೆ ದೇವರ ಮುಂದೆ ಹೇಗೆ ಕೂರಲೇ?" ಎಂದರು. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, ಒಳಗಿನಿಂದ ಮಾತ್ರೆಯ ಸ್ಟ್ರಿಪ್ಪನ್ನು ತಂದು ದೀಪಕ್ಕೆ ಹಿಡಿದು, ಕತ್ತರಿಸಿದ ಅಂಚಿನಲ್ಲಿ ಅರ್ಧ ಮಾತ್ರ ಉಳಿದಿದ್ದ ಔಷಧದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳತೊಡಗಿದಳು, ಭಾವನವರು ಬರೆದುಕೊಂಡರು.