ಇಂದಿನ ಧಮ್ಮ ಚಿಂತನೆ: ಆಟ ಮುಗಿದ ಮೇಲೆ



ಭಟ್ಕಳ, ಹೊನ್ನಾವರ, ಕುಮಟಾದ ಧಮ್ಮ ಬಂಧುಗಳೇ,

ಕಳೆದ ಭಾನುವಾರ ಸಂಜೆ ಹೊನ್ನಾವರದ ಕಡಲ ದಂಡೆಯಲ್ಲಿ ಹುಡುಗರ ಫುಟ್ಬಾಲ್ ನೋಡುತ್ತ ನಿಂತಿದ್ದೆ. ಇಳಿತದ ಹೊತ್ತು, ಮರಳು ಗಟ್ಟಿಯಾಗಿತ್ತು. ಚಪ್ಪಲಿಗಳೇ ಗೋಲ್ ಕಂಬ. ಒಂದೇ ತಂಡದಲ್ಲಿ ಖಾರ್ವಿ ಹುಡುಗ, ನಾಮಧಾರಿ ಹುಡುಗ, ಕ್ರಿಶ್ಚಿಯನ್ ಹುಡುಗ, ಭಟ್ಕಳದಿಂದ ರಜೆಗೆ ಬಂದ ನವಾಯತ ಹುಡುಗ. ಗೋಲ್ ಕಾಯಲು ನಮ್ಮ ಕೇರಿಯ ಹುಡುಗ. ಕೊನೆಗಳಿಗೆಯಲ್ಲಿ ಅವನು ಹಾರಿ ಚೆಂಡು ಹಿಡಿದ. ಎಲ್ಲರೂ ಓಡಿಬಂದು ಅವನನ್ನು ತಬ್ಬಿಕೊಂಡರು.

ಆಮೇಲೆ ತಂಡದ ಹುಡುಗನೊಬ್ಬನ ಮನೆ ಜಗಲಿಯಲ್ಲಿ ಚಹಾ. ನನ್ನನ್ನೂ ಕರೆದರು. ಎಲ್ಲರಿಗೂ ಸ್ಟೀಲ್ ಲೋಟ. ಗೋಲ್ ಕಾಯ್ದವನಿಗೆ ಮಾತ್ರ ಪೇಪರ್ ಕಪ್. ಆ ಮನೆಯವರಿಗೆ ನಾನು ಬರೀ 'ಮಾಸ್ತರು'. ನಾನೂ ಅದೇ ಕೇರಿಯವನೆಂದು ಗೊತ್ತಿರಲಿಲ್ಲ. ವರ್ಷಗಟ್ಟಲೆ ಸಮಾನತೆಯ ಪಾಠ ಹೇಳಿದ ನಾನು ಲೋಟ ಹಿಡಿದು ಸುಮ್ಮನೆ ಕುಡಿದೆ. ಆಗ ಆ ಮನೆಯ ಹುಡುಗನೇ ತನ್ನ ಲೋಟ ಕೆಳಗಿಟ್ಟು, "ಅಮ್ಮಾ, ನಂಗೂ ಪೇಪರ್ ಕಪ್ಪಲ್ಲೇ ಕೊಡು" ಅಂದ. ಉಳಿದವರೂ ಒಬ್ಬೊಬ್ಬರಾಗಿ ಲೋಟ ಇಟ್ಟರು. ಕೊನೆಯ ಲೋಟ ನನ್ನದು.

ಅಂದು ರಾತ್ರಿ ನಿದ್ದೆ ಬರಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೇಳಿದ್ದೂ ಇದನ್ನೇ: ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗುವುದು ಹೇಗೆ? ಬಂಧುತ್ವವಿಲ್ಲದ ಸ್ವಾತಂತ್ರ್ಯ, ಸಮಾನತೆ ಮೇಲೆ ಬಳಿದ ಬಣ್ಣವಷ್ಟೇ ಎಂದು ಅವರು ಎಚ್ಚರಿಸಿದರು.

ಮೈದಾನದಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದುಂಟು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಫುಟ್ಬಾಲ್ ಚಿನ್ನ ಗೆದ್ದಿತು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ನಾಯಕ ಚುನಿ ಗೋಸ್ವಾಮಿ, ಗೋಲ್ ಕೀಪರ್ ಪೀಟರ್ ತಂಗರಾಜ್, ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್. ಹೆಸರುಗಳನ್ನು ಓದಿದರೆ ಸಾಕು, ಭಾರತ ಕಾಣುತ್ತದೆ.

ನಮ್ಮ ಬೆಂಗಳೂರಿನಲ್ಲೇ, ಹಲಸೂರಿನ ಬಳಿ ಗೌತಮಪುರವಿದೆ. ದುಡಿಯುವ ಜನರ ಬಡಾವಣೆ. ಫುಟ್ಬಾಲ್ ಹುಚ್ಚಿನಿಂದ 'ಮಿನಿ ಬ್ರೆಜಿಲ್' ಎನಿಸಿಕೊಂಡಿದೆ. ಅಲ್ಲಿ ಭಗವಾನ್ ಬುದ್ಧರು, ಬಾಬಾಸಾಹೇಬರು, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಬೂಟ್ ಪಾಲಿಶ್ ಮಾಡಿ ಬೆಳೆದ ಬ್ರೆಜಿಲ್‌ನ ಕಪ್ಪು ಹುಡುಗನನ್ನು ಆ ಜನ ತಮ್ಮವನೆಂದುಕೊಂಡರು.

ನದಿಗಳು ಸಮುದ್ರ ಸೇರಿದಾಗ ಹಳೆಯ ಹೆಸರು ಬಿಡುವಂತೆ, ಸಂಘ ಸೇರಿದವರು ಹಳೆಯ ಕುಲದ ಹೆಸರು ಬಿಡುತ್ತಾರೆ ಎಂದು ಭಗವಾನರು ಬೋಧಿಸಿದರು. ಶರಾವತಿ ಹೊನ್ನಾವರದಲ್ಲಿ, ಅಘನಾಶಿನಿ ಕುಮಟಾದ ಪಕ್ಕದಲ್ಲಿ ಹಾಗೆ ಹೆಸರು ಬಿಡುವುದನ್ನು ನಾವು ದಿನವೂ ನೋಡುವವರು. ಇನ್ನೊಂದನ್ನೂ ನೋಡುತ್ತೇವೆ: ಉಬ್ಬರದಲ್ಲಿ ಕಡಲಿನ ನೀರು ನದಿಯೊಳಗೆ ಏರಿ ಗಜನಿ ಗದ್ದೆಯ ತನಕ ಹೋಗುತ್ತದೆ. ಮೈದಾನದ ಬಂಧುತ್ವವೂ ಹಾಗೆಯೇ ಜಗಲಿಯ ತನಕ, ಅಡುಗೆಮನೆಯ ತನಕ ಏರಬೇಕು. ಆದರೆ ಉಬ್ಬರದಂತೆ ಅದು ತಾನಾಗಿ ಏರುವುದಿಲ್ಲ. ಯಾರಾದರೂ ಒಬ್ಬರು ಮೊದಲು ಲೋಟ ಕೆಳಗಿಡಬೇಕು.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲೂ ಯಾರಿಗಾದರೂ ಬೇರೆ ಲೋಟ ಇದೆಯೇ, ನೋಡಿಕೊಳ್ಳೋಣ. ಭೇದ ಕಂಡಲ್ಲಿ ಮೊದಲ ಲೋಟ ನಮ್ಮದಾಗಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.